ಎದುರು ಮನೆಯಲ್ಲಿ ತಪ್ಪಿದ ವಿಮಾನ

ನನ್ನ ತಮ್ಮ ಮಲ್ಲೇಶಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಮರೆವು ಎಂದು ದೇವರು ಕೂಡ ಬಿಟ್ಟುಬಿಡುತ್ತಿದ್ದ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಹೇಳದೇ ಇದ್ದ ಆ ಮಾತನ್ನು ಹೇಳಿಯೇ ಇದ್ದೇನೆ ಎಂದು ನಾಲ್ಕು ಜನರೆದುರು ವಾದ ಮಾಡಿ ಗೆದ್ದೆ. ಇಂಥ ಗೆಲುವು ಅಟ್ಟದ ಮೇಲೆ ಸತ್ತ ಇಲಿಯಿದ್ದ ಹಾಗೆ. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹುಡುಕುತ್ತಿರುತ್ತಾರೆ. ಅದು ಎಲ್ಲಿದೆ ಎಂದು ಗೊತ್ತಿರುವವಳು ನಾನೊಬ್ಬಳೇ, ನಾನೂ ಅವರ ಜೊತೆ ಹುಡುಕುವ ಹಾಗೆ ನಟಿಸುತ್ತಿರುತ್ತೇನೆ.

ಹಾಗೆಂದು ನಾನು ಅಜಾಗ್ರತೆಯ ಹೆಂಗಸಲ್ಲ. ನನ್ನ ರೋಗ ಅದರ ಉಲ್ಟಾ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕಾದರೆ ನಾನು ಎಷ್ಟು ಬೇಗ ಹೋಗಿ ನಿಲ್ಲುತ್ತೇನೆಂದರೆ, ಅದಕ್ಕಿಂತ ಹಿಂದಿನ ರೈಲಿಗೆ ಬೀಳ್ಕೊಡಲು ಬಂದವರು ನನ್ನನ್ನು ತಮ್ಮ ಕಡೆಯವಳೆಂದು ತಿಳಿದು ಕೈಗೆ ಮಗು ಕೊಟ್ಟದ್ದುಂಟು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಓದು ಕಡಿಮೆಯಾದವರಿಗೆ ದಾರಿಯಲ್ಲಿ ಒಂದು ಭಯ ಇದ್ದೇ ಇರುತ್ತದೆ: ಬೋರ್ಡಿನಲ್ಲಿ ಏನೋ ಬರೆದಿದೆ, ಎಲ್ಲರೂ ಓದಿಕೊಂಡು ಹೋಗುತ್ತಿದ್ದಾರೆ, ನನಗೆ ಮಾತ್ರ ಯಾರೂ ಹೇಳಿಲ್ಲ ಎಂಬ ಭಯ. ಆ ಭಯಕ್ಕೆ ಇರುವ ಔಷಧಿ ಒಂದೇ, ಮೊದಲೇ ಹೋಗಿ ನಿಲ್ಲುವುದು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಬ್ಲೌಸು, ಫಾಲ್, ಪಿಕೋ ಅಂಗಡಿ ಇದೆ. ಅಲ್ಲಿಯೂ ನನ್ನ ಹೆಸರು ನಿಂತಿರುವುದು ಒಳಗೆ ಧಾರಾಳವಾಗಿ ಬಟ್ಟೆ ಬಿಡುವುದಕ್ಕೆ. ಮದುವೆಯ ಬ್ಲೌಸನ್ನು ನನ್ನಲ್ಲಿ ಹೊಲಿಸಿದವರು ಮೂರು ಹೆತ್ತ ಮೇಲೂ ಹೊಲಿಗೆ ಬಿಚ್ಚಿಸಿಕೊಂಡು ಅದನ್ನೇ ತೊಡುತ್ತಾರೆ. ಇಷ್ಟೆಲ್ಲ ಒಳಗೆ ಬಿಡುವ ನಾನು, ನನ್ನ ತಮ್ಮನ ಪ್ರಯಾಣದಲ್ಲಿ ಮಾತ್ರ ಬಟ್ಟೆಯನ್ನು ಗೀಟಿನ ಮೇಲೇ ಕತ್ತರಿಸಿಬಿಟ್ಟೆ.

ಮಲ್ಲೇಶಿ ಫ್ರೇಜರ್ ಟೌನಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ಲಿಂಗಸುಗೂರು ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಕೇಕು ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಇವನು ಕ್ರೀಮಿನಲ್ಲಿ ಗುಲಾಬಿ ಅರಳಿಸುತ್ತಿದ್ದ. ಒಂದು ಸಲ ಅವನು ಮಾಡಿದ ಗುಲಾಬಿಯನ್ನು ನಮ್ಮವ್ವ ಕಿತ್ತು ಮುಡಿಗೆ ಇಟ್ಟುಕೊಳ್ಳಲು ಹೋಗಿದ್ದಳು. ರಾತ್ರಿಯೆಲ್ಲ ಬೇಕರಿ, ಹಗಲೆಲ್ಲ ನಿದ್ದೆ. ಆ ನಿದ್ದೆಯೋ, ದೇವರು ಕೊಟ್ಟ ವರ. ಕೂತಲ್ಲಿ, ನಿಂತಲ್ಲಿ, ಅಕ್ಕಿ ಆರಿಸುತ್ತ, ಉಪ್ಪಿಟ್ಟು ತಿನ್ನುತ್ತ ಮಲಗುತ್ತಿದ್ದ. ನಮ್ಮ ಮನೆಯ ಸೂರಿನ ಮೇಲೇ ವಿಮಾನಗಳು ಇಳಿಯುತ್ತಿದ್ದ ಕಾಲ ಅದು. ವಿಮಾನ ಬಂದಾಗ ಆಡುತ್ತಿದ್ದ ಮಾತನ್ನು ಅಲ್ಲೇ ನಿಲ್ಲಿಸಿ, ಅದು ಹೋದ ಮೇಲೆ ನಿಂತ ಅಕ್ಷರದಿಂದಲೇ ಮುಂದುವರಿಸುವುದು ನಮ್ಮ ಬೀದಿಯ ಪದ್ಧತಿ. ಜಗಳಗಳನ್ನೂ ಹಾಗೇ ಆಡುತ್ತಿದ್ದೆವು. ಆ ಸದ್ದಿಗೆ ಸ್ಟೀಲಿನ ಲೋಟಗಳು ಅಲುಗಾಡುತ್ತಿದ್ದವು, ಮಲ್ಲೇಶಿಯ ರೆಪ್ಪೆ ಅಲುಗುತ್ತಿರಲಿಲ್ಲ. ಒಂದು ಸಲ ಶಿವಾಜಿನಗರದಲ್ಲಿ ಬಸ್ಸು ಹತ್ತಿದವನು ಕಂಬ ಹಿಡಿದುಕೊಂಡೇ ನಿದ್ದೆ ಹೋಗಿ, ಡಿಪೋದಲ್ಲಿ ಬಸ್ಸು ತೊಳೆಯುವಾಗ ನೀರು ಬಿದ್ದು ಎದ್ದಿದ್ದ.

ಇಂಥವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಹೊಸದಾಗಿ ತೆರೆಯುವ ದೊಡ್ಡ ಹೋಟೆಲು, ಅದರಲ್ಲಿ ಕೇಕಿನ ವಿಭಾಗ. ಹೋಟೆಲು ತೆರೆಯುವುದಕ್ಕೆ ಮೊದಲು ಬಂದು ಸೇರಬೇಕು, ತಡವಾದರೆ ಆ ಜಾಗಕ್ಕೆ ಬೇರೆಯವರಿದ್ದಾರೆ ಎಂದು ಮೊದಲೇ ಹೇಳಿದ್ದರು. ಬೆಂಗಳೂರಿಂದ ನೇರ ವಿಮಾನ ಅವನ ಟಿಕೆಟ್ಟಿಗೆ ಇರಲಿಲ್ಲ. ಬೊಂಬಾಯಿಗೆ ಹೋಗಿ, ಅಲ್ಲಿ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ, ಮಧ್ಯರಾತ್ರಿ ಕಳೆದ ಮೇಲೆ ಹೊರಡುವ ಮಸ್ಕತ್ತಿನ ವಿಮಾನ ಹಿಡಿಯಬೇಕು. ಈ ನಡುವಿನ ಗ್ಯಾಪನ್ನು ಗೊತ್ತುಮಾಡುವ ಜವಾಬ್ದಾರಿಯನ್ನು ಯಾರೂ ಕೊಡದೇ ಇದ್ದರೂ ನಾನೇ ವಹಿಸಿಕೊಂಡೆ.

ಶಿವಾಜಿನಗರದ ಟಿಕೆಟ್ ಆಫೀಸಿನ ರಿಯಾಜ್ ಭಾಯಿ ನನ್ನ ಮುಂದೆ ಎರಡು ದಾರಿ ಇಟ್ಟರು. "ನೋಡಿ ಅಕ್ಕ, ಬೆಳಿಗ್ಗೆ ಫ್ಲೈಟಲ್ಲಿ ಹೋದ್ರೆ ಬಾಂಬೇಲಿ ಇಡೀ ದಿನ ಕೂರ್ಬೇಕು. ಸಾಯಂಕಾಲದ್ದು ತಗೊಂಡ್ರೆ ನಾಲ್ಕು ಗಂಟೆ ಗ್ಯಾಪು. ಎರಡೂ ಆಗುತ್ತೆ. ಆದ್ರೆ ಬೆಳಿಗ್ಗೇದು ಸೇಫು."

"ಭಾಯಿ, ಇವನು ಸ್ವಲ್ಪ ಲೇಟಾಗಿ ಹೋದ್ರೆ ಆ ದೊಡ್ಡ ವಿಮಾನ ಕಾಯುತ್ತಾ?"

"ಅಕ್ಕಾ, ಅದೇನ್ ಮಾರತ್ತಹಳ್ಳಿ ಮೆಟಡೋರಾ, ಜನ ತುಂಬೋವರೆಗೂ ನಿಲ್ಲೋಕೆ?"

ಒಂದು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಬ್ಲೌಸಿಗೆ ಅಳತೆ ಕೊಡಲು ಬಂದವರನ್ನೆಲ್ಲ ಟೇಪು ಸುತ್ತಿ ಹಿಡಿದುಕೊಂಡೇ ಕೇಳುತ್ತಿದ್ದೆ: ನಾಲ್ಕು ಗಂಟೆಯೋ, ಇಡೀ ದಿನವೋ? ಟೇಪು ಕುತ್ತಿಗೆಗಿದ್ದಾಗ ಯಾರೂ ಉತ್ತರ ಕೊಡದೆ ಹೋಗಲಾರರು. ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲವಾದ್ದರಿಂದ ಎಲ್ಲರೂ ಬಹಳ ಧೈರ್ಯವಾಗಿ ಸಲಹೆ ಕೊಟ್ಟರು. ಕೊನೆಗೆ ನಾನು ನನ್ನ ಬುದ್ಧಿಯಿಂದಲೇ ತೀರ್ಮಾನ ಮಾಡಿದೆ. ಇಡೀ ದಿನ ಬಿಟ್ಟರೆ ಇವನು ಖಂಡಿತ ಮಲಗುತ್ತಾನೆ. ಮಲಗಿದರೆ ಏಳುವುದಿಲ್ಲ. ಬೊಂಬಾಯಿಯಲ್ಲಿ ನೀರು ಹಾಕಿ ಎಬ್ಬಿಸುವವರು ಯಾರಿದ್ದಾರೆ? ನಾಲ್ಕು ಗಂಟೆಯಾದರೆ ಓಡಾಟದಲ್ಲೇ ಕಳೆದುಹೋಗುತ್ತದೆ, ಮಲಗಲು ಪುರುಸೊತ್ತೇ ಸಿಗುವುದಿಲ್ಲ. "ಸಾಯಂಕಾಲದ್ದೇ ಮಾಡಿ ಭಾಯಿ," ಎಂದೆ. ರಿಯಾಜ್ ಭಾಯಿ ಒಂದು ಸಲ ನನ್ನ ಮುಖ ನೋಡಿ ಟಿಕೆಟ್ಟು ಬರೆದರು. ಜೀವನದಲ್ಲಿ ಮೊದಲ ಸಲ ನಾನು ಬೇಗ ಹೋಗುವುದನ್ನು ಬೇಡವೆಂದದ್ದು. ಅದೂ ಬೇರೆಯವರ ಪ್ರಯಾಣದಲ್ಲಿ.

ಟಿಕೆಟ್ಟು ಮನೆಗೆ ಬಂದ ಮೇಲೆ ಅವ್ವ ಬಾಯಿ ಬಿಟ್ಟಳು. ಹೊರಡುವ ದಿನ ಮಂಗಳವಾರ. "ಮಂಗಳಾರ ಮನಿ ಬಿಟ್ಟು ಹೊಂಡ್ತಾರೇನ ಯಾರರ? ಪರಸ್ತಾನ ಇಡಬೇಕು," ಎಂದಳು. ಪ್ರಸ್ಥಾನವೆಂದರೆ ನಮ್ಮ ಕಡೆಯ ಒಂದು ಉಪಾಯ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಂದು ಒಳ್ಳೆಯ ಹೊತ್ತಿನಲ್ಲಿ ಪ್ರಯಾಣ ಮಾಡುವವನ ಒಂದು ವಸ್ತುವನ್ನು ಮನೆಯಿಂದ ಹೊರಡಿಸಿ ನೆರೆಮನೆಯಲ್ಲಿ ಇಡುವುದು. ವಸ್ತು ಹೊರಟಿತೆಂದರೆ ಆಸಾಮಿ ಹೊರಟ ಹಾಗೆಯೇ ಲೆಕ್ಕ. ಆಮೇಲೆ ಯಾವ ಕೆಟ್ಟ ಗಳಿಗೆಯಲ್ಲಿ ಹೋದರೂ, ಹೋಗುತ್ತ ದಾರಿಯಲ್ಲಿ ಅದನ್ನು ಎತ್ತಿಕೊಂಡರೆ ಆಯಿತು. ಒಂದೇ ನಿಯಮ, ಹೊರಗೆ ಹೋದ ವಸ್ತು ಮತ್ತೆ ಹೊಸಿಲು ದಾಟಿ ಒಳಗೆ ಬರಬಾರದು. ಈಗ ಯೋಚಿಸಿದರೆ ಅದು ಕೂಡ ಒಂದು ಕನೆಕ್ಷನ್ನೇ. ಬೊಂಬಾಯಿಯ ಕನೆಕ್ಷನ್ನಿನ ಬಗ್ಗೆ ಒಂದು ವಾರ ಊಟ ಬಿಟ್ಟ ನಾನು, ಹತ್ತು ಹೆಜ್ಜೆ ದೂರದ ಈ ಕನೆಕ್ಷನ್ನಿನ ಬಗ್ಗೆ ಒಂದು ತುತ್ತೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಒಂದು ಕೈಚೀಲದಲ್ಲಿ ಮಲ್ಲೇಶಿಯ ಟವೆಲ್ಲು, ಅಡಿಕೆ, ಅರಿಸಿನದ ಕೊಂಬು ಹಾಕಿ ನನ್ನ ಕೈಗೆ ಕೊಟ್ಟಳು. ಎದುರು ಮನೆಯ ಸೆಲ್ವಿಯಕ್ಕನಿಗೆ ಕೊಟ್ಟು ಬರಬೇಕು. ಹೊಸಿಲ ಹತ್ತಿರ ನನಗೆ ಬುದ್ಧಿ ಹೊಳೆಯಿತು. ರಾಯಚೂರಿನ ಬಸ್ಸಿಗಾದರೆ ಟವೆಲ್ಲು ಸಾಕು. ವಿಮಾನಕ್ಕೆ, ಅದರಲ್ಲೂ ಸಮುದ್ರ ದಾಟುವುದಕ್ಕೆ, ಟವೆಲ್ಲಿನ ಪುಣ್ಯ ಎಲ್ಲಿಗೆ ಸಾಕಾದೀತು? ಅಲ್ಲಿಯ ಅಧಿಕಾರಿಗಳು ಟವೆಲ್ಲು ನೋಡಿ ಒಳಗೆ ಬಿಡುತ್ತಾರೆಯೇ? ಅವರು ಕೇಳುವುದು ಪಾಸ್‌ಪೋರ್ಟು. ಹಾಗಾದರೆ ಒಳ್ಳೆಯ ಗಳಿಗೆಯಲ್ಲಿ ಹೊರಡಬೇಕಾದದ್ದೂ ಅದೇ. ಅಲ್ಲದೆ ನಮ್ಮ ಮನೆಯ ಟ್ರಂಕಿಗೆ ಬೀಗ ಇರಲಿಲ್ಲ, ಸೆಲ್ವಿಯಕ್ಕನ ಮನೆಯಲ್ಲಿ ಕಬ್ಬಿಣದ ಬೀರು ಇತ್ತು. ಟಿಕೆಟ್ಟು ಬಂದ ದಿನದಿಂದ ನನ್ನ ಸುಪರ್ದಿನಲ್ಲೇ ಇದ್ದ ಚರ್ಮದ ಪೌಚನ್ನು, ಒಳಗಿನ ಪಾಸ್‌ಪೋರ್ಟು, ಟಿಕೆಟ್ಟಿನ ಸಮೇತ, ಟವೆಲ್ಲಿನ ಮಡಿಕೆಯೊಳಗೆ ಸೇರಿಸಿದೆ. ಮಲ್ಲೇಶಿ ಬೇಕರಿಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ಎದ್ದ ಮೇಲೆ ಹೇಳೋಣ ಎಂದುಕೊಂಡೆ. ಹೇಳಬೇಕಾಗಿದ್ದ ಮಾತು ಇದೇ.

ಸೆಲ್ವಿಯಕ್ಕ ಚೀಲವನ್ನು ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟರು. "ಯಾವತ್ತು ನಾಗಮ್ಮ ಹುಡುಗನ ಫ್ಲೈಟು?" ಎಂದರು. "ಬುಧವಾರ ಅಕ್ಕ. ಹುಡುಗನೇ ಬಂದು ಕೇಳಿದ್ರೆ ಮಾತ್ರ ಕೊಡಿ," ಎಂದೆ. ಮಸ್ಕತ್ತಿನ ವಿಮಾನ ಮಧ್ಯರಾತ್ರಿಯ ನಂತರ, ಅಂದರೆ ಬುಧವಾರ. ನನಗೆ ಬೊಂಬಾಯಿಯವರೆಗಿನದು ವಿಮಾನವೆಂದೇ ತೋರಿರಲಿಲ್ಲ. ಬಾಯಿಯಲ್ಲಿ ಬಂದದ್ದು ಬುಧವಾರ.

ಮಂಗಳವಾರ ನಾನು ನನ್ನ ಸ್ವಭಾವದಂತೆ ಎಲ್ಲರಿಗಿಂತ ಮುಂಚೆ ಒಬ್ಬಳೇ ಏರ್‌ಪೋರ್ಟಿಗೆ ಹೋಗಿ ನಿಂತೆ. ಮನೆಯಿಂದ ಅಷ್ಟು ಹತ್ತಿರದಲ್ಲಿದ್ದರೂ ಏರ್‌ಪೋರ್ಟು ಇದ್ದಲ್ಲೇ ಇದೆಯೋ ಇಲ್ಲವೋ ನೋಡಿಕೊಳ್ಳಬೇಕಲ್ಲ. ಮಲ್ಲೇಶಿ, ಅವ್ವ, ಬೇಕರಿಯ ಇಬ್ಬರು ಗೆಳೆಯರು ಟೆಂಪೋದಲ್ಲಿ ಬಂದಿಳಿದಾಗ ನನಗೆ ಹೆಮ್ಮೆಯಿಂದ ಎದೆ ತುಂಬಿತ್ತು. ಬೇಕಾದಷ್ಟು ಹೊತ್ತಿದೆ. ಮಲ್ಲೇಶಿ ಹೊಸ ಷರಟು ಹಾಕಿಕೊಂಡು ಮದುವೆಯ ಗಂಡಿನ ಹಾಗೆ ನಿಂತಿದ್ದ.

"ಅಕ್ಕ, ಪೌಚ್ ಕೊಡು," ಎಂದ.

"ನನ್ನ ಹತ್ರ ಎಲ್ಲಿದೆ? ಸೆಲ್ವಿಯಕ್ಕನ ಮನೆಯಿಂದ ಚೀಲ ತಂದ್ಯಲ್ಲ, ಅದ್ರಲ್ಲೇ ಇದೆ."

"ಅವರ ಮನೆಗೆ ಬೀಗ ಹಾಕಿತ್ತು."

"ಬರೇ ಟವೆಲ್ ಅಲ್ಲೇನವ್ವ," ಎಂದಳು ಅವ್ವ. "ಹೋದ್ರ ಹೋಗ್ಲಿ, ಹೊಂಟವನ್ನ ತಡಿಬಾರ್ದು ಅಂತ ನಾನ ಕರಕೊಂಡು ಬಂದೆ."

ಮಲ್ಲೇಶಿ ನನ್ನನ್ನೇ ನೋಡುತ್ತಿದ್ದ. "ಪೌಚು ಅದ್ರಲ್ಲಿದೆ ಅಂತ ನೀನು ಹೇಳೇ ಇಲ್ವಲ್ಲಕ್ಕ," ಎಂದ.

ಆ ಗಳಿಗೆಯಲ್ಲಿ "ಹೌದು, ಹೇಳಲಿಲ್ಲ" ಎನ್ನುವುದಕ್ಕೆ ಎರಡು ಪದ ಸಾಕಾಗಿತ್ತು. ಆದರೆ ಅವ್ವ ಇದ್ದಳು, ಅವನ ಗೆಳೆಯರಿದ್ದರು, ಬಂದೂಕು ಹಿಡಿದ ಗೇಟಿನ ಪೊಲೀಸ್ ಕೂಡ ನಮ್ಮ ಕಡೆಯೇ ಕಿವಿ ಕೊಟ್ಟಿದ್ದ. ಇಡೀ ಬೀದಿಗೆ ಜಾಗ್ರತೆ ಹೇಳಿಕೊಡುವ ನಾಗಮ್ಮ ನಾನು. "ಹೇಳಿಲ್ವಾ? ಭಾನುವಾರ ಬೆಳಿಗ್ಗೆ ನೀನು ಮಲಗಿದ್ದಾಗ ಹೇಳ್ದೆ. ಹೂಂ ಅಂದ್ಯಲ್ಲೋ!" ಎಂದೆ.

"ಹೂಂ ಅಂದ್ನಾ?"

"ಎರಡು ಸಲ ಅಂದೆ."

ಆ ಎರಡನೇ ಹೂಂ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳಿನಲ್ಲೂ ನಾನು ಒಳಗೆ ಸ್ವಲ್ಪ ಬಟ್ಟೆ ಬಿಡುವವಳು. ಗೆಳೆಯರಲ್ಲೊಬ್ಬ, "ಮಗಾ, ಪಾಸ್‌ಪೋರ್ಟ್ ವಿಷ್ಯಕ್ಕೂ ನಿದ್ದೆ ಹೊಡ್ದ್ಯಾ? ನೀನು ಬಿಡು ಗುರು!" ಎಂದು ನಕ್ಕ. ಮಲ್ಲೇಶಿ ತಲೆ ತಗ್ಗಿಸಿ, "ಅಂದಿರ್ತೀನಿ ಬಿಡಿ," ಎಂದ. ಅವನು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಟೋದಲ್ಲಿ ಓಡಿದೆ. ಸೆಲ್ವಿಯಕ್ಕ ಕೆ.ಆರ್. ಪುರದ ತಂಗಿಯ ಮನೆಗೆ, ಮಗುವಿನ ಕಿವಿ ಚುಚ್ಚುವುದಕ್ಕೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ವಿಳಾಸ ಯಾರಿಗೂ ಗೊತ್ತಿಲ್ಲ, ಸಂತೆ ನಡೆಯುವ ಜಾಗದ ಹಿಂದೆ ಎಂದಷ್ಟೇ. ಶಾಮಿಯಾನಾ ಕಂಡಲ್ಲೆಲ್ಲ ಇಳಿದೆ. ಮೊದಲು ಹೊಕ್ಕದ್ದು ಯಾರದೋ ತಿಥಿ. ಅವರು ಪಾಪ ನನ್ನ ಮುಖ ನೋಡಿ ಸತ್ತವರಿಗೆ ಬಹಳ ಬೇಕಾದವಳೆಂದು ತಿಳಿದು ಎಲೆ ಹಾಕಲು ಹೊರಟರು. ಎರಡನೆಯದರಲ್ಲಿ ಸೆಲ್ವಿಯಕ್ಕ ಸಿಕ್ಕರು. "ವಾ ನಾಗಮ್ಮ ವಾ, ಸರಿಯಾಗಿ ಊಟದ ಟೈಮಿಗೆ ಬಂದೆ!" ಎಂದವರು ವಿಷಯ ಕೇಳಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯೋ ಕಡವುಳೇ, ಬುಧವಾರ ಅಂದ್ಯಲ್ಲಮ್ಮ! ನಾಳೆ ಬೆಳಿಗ್ಗೆ ಬಂದು ಕೊಡೋಣ ಅಂದ್ಕೊಂಡೆ!" ಸೊಂಟದ ಬೀಗದ ಕೈ ಗೊಂಚಲನ್ನು ಹಿಡಿದುಕೊಂಡು ಅವರೂ ಆಟೋ ಹತ್ತಿದರು. ಲಾರಿಗಳ ಸಾಲಿನಲ್ಲಿ ಆಟೋ ನಿಂತಿತು. ನಿಂತೇ ಇತ್ತು. ಆಗ ತಲೆಯ ಮೇಲೆ ಸದ್ದು ಬಂತು. ನಾವಿಬ್ಬರೂ ನಮ್ಮ ಬೀದಿಯ ಪದ್ಧತಿಯಂತೆ ಮಾತು ನಿಲ್ಲಿಸಿದೆವು. ಅದು ದೂರ ಹೋದ ಮೇಲೆ ಮುಂದುವರಿಸಲು ಮಾತೇ ಉಳಿದಿರಲಿಲ್ಲ. ಆಟೋದವನು ಕತ್ತು ಹೊರಗೆ ಚಾಚಿ ನೋಡಿ, "ಅದೇ ಅನ್ಸುತ್ತಕ್ಕ ನಿಮ್ದು," ಎಂದ.

ಬೆಳಗಿನ ವಿಮಾನದ ಟಿಕೆಟ್ಟಾಗಿದ್ದರೆ, ಅದು ತಪ್ಪಿದರೂ ಸಾಯಂಕಾಲದ್ದು ಇರುತ್ತಿತ್ತು. ರಿಯಾಜ್ ಭಾಯಿ ಹೇಳಿದ ಸೇಫು ಅಂದರೆ ಅದೇ ಎಂದು ನನಗೆ ಆ ಲಾರಿಗಳ ನಡುವೆ ಅರ್ಥವಾಯಿತು. ಗ್ಯಾಪು ಇರುವುದು ಬೊಂಬಾಯಿಯಲ್ಲಿ ಕೂರುವುದಕ್ಕಲ್ಲ. ಬೆಂಗಳೂರಿನಲ್ಲಿ ನನ್ನಂಥ ಅಕ್ಕಂದಿರು ಇರುತ್ತಾರಲ್ಲ, ಅದಕ್ಕೆ.

ಇನ್ನೊಂದು ವಿಮಾನದಲ್ಲಿ ಸೀಟು ಸಿಕ್ಕುವ ಹೊತ್ತಿಗೆ ಹೋಟೆಲು ತೆರೆದು, ಕೇಕಿನ ವಿಭಾಗದಲ್ಲಿ ಬೇರೆಯವನು ಗುಲಾಬಿ ಅರಳಿಸುತ್ತಿದ್ದ. ಮಲ್ಲೇಶಿಯನ್ನು ರೊಟ್ಟಿಯ ಭಟ್ಟಿಗೆ ಹಾಕಿದರು. ಮೊದಲ ಸಲ ರಜೆಗೆ ಬಂದಾಗ ಅವನ ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗೆರೆಗಳಿದ್ದವು. ಕೇಳಿದವರಿಗೆಲ್ಲ ಅವನೇ ಕಥೆ ಹೇಳುತ್ತಿದ್ದ: "ನಮ್ಮಕ್ಕ ಪಾಪ ಎಲ್ಲಾ ಹೇಳಿದ್ಳು ಕಣ್ರೀ, ನಾನು ನಿದ್ದೆಗಣ್ಣಲ್ಲಿ ಎರಡು ಸಲ ಹೂಂ ಅಂದ್ಬಿಟ್ಟಿದ್ದೀನಿ!" ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಸುಮ್ಮನೆ ಪಾತ್ರೆ ಕುಕ್ಕುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಅವನಿಗೆ ಕೇಕಿನ ಕೆಲಸ ಸಿಕ್ಕಿತು. ಮದುವೆಯಾಯಿತು, ಹೆಂಡತಿಯನ್ನೂ ಅಲ್ಲಿಗೆ ಕರೆಸಿಕೊಂಡ. ಆದರೆ ಒಂದು ಮಾತ್ರ ಅವನಿಗೆ ವಾಪಸು ಸಿಗಲಿಲ್ಲ. ಪ್ರಯಾಣವೆಂದರೆ ಅವನು ಕಣ್ಣು ಮುಚ್ಚುತ್ತಿರಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ಮಲಗುತ್ತಿದ್ದ ಹುಡುಗ, ಶಿವಾಜಿನಗರದಿಂದ ಹಲಸೂರಿಗೆ ಬರುವಾಗಲೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನನ್ನ ಕಾಯಿಲೆಯನ್ನು ಅವನಿಗೆ ಅಂಟಿಸಿ, ಅವನ ವರವನ್ನು ಕಿತ್ತುಕೊಂಡಿದ್ದೆ.

ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಟೆಲಿಫೋನ್ ಬೂತಿನಿಂದ ಮಾಡಿದಾಗ ಮೀಟರು ಓಡುವುದನ್ನು ನೋಡಿ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಆಮೇಲೆ ಮೊಬೈಲು ಬಂತು, ಮೀಟರು ಕಾಣದಂತಾಯಿತು. ಆಗಲೂ "ಊಟ ಆಯ್ತಾ" ಎಂದೇ ಕೇಳುತ್ತಿದ್ದೆ.

ಅವನ ಹೆಂಡತಿಗೆ ದಿನ ತುಂಬುತ್ತ ಬಂದಾಗ ಬಾಣಂತನಕ್ಕೆ ನಾನೇ ಬರಬೇಕೆಂದ. ಅವ್ವನಿಗೆ ಆಗಲೇ ಮಂಡಿ ನೋವು. ಕರೆದುಕೊಂಡು ಹೋಗಲು ಅವನೇ ಬಂದ. ತಿಪ್ಪಸಂದ್ರದ ಸೂರಿನ ಮೇಲೆ ಇನ್ನೂ ವಿಮಾನಗಳು ಹಾರುತ್ತಿದ್ದವು, ಇನ್ನೇನು ಏರ್‌ಪೋರ್ಟು ಊರಾಚೆ ಹೋಗುತ್ತದೆಂದು ಮಾತ್ರ ಎಲ್ಲರೂ ಹೇಳುತ್ತಿದ್ದರು. ಗಡ್ಡ ಬೆಳ್ಳಗಾಗಿದ್ದ ರಿಯಾಜ್ ಭಾಯಿ ನನ್ನನ್ನು ನೋಡಿ ನಕ್ಕರು. "ಅಕ್ಕಾ, ಈ ಸಲ ಎಷ್ಟು ಗ್ಯಾಪ್ ಬೇಕು?"

"ಎಷ್ಟಿದೆಯೋ ಅಷ್ಟೂ ಕೊಡಿ ಭಾಯಿ."

ಅವ್ವ ಪ್ರಸ್ಥಾನದ ಮಾತೆತ್ತಿದಳು. ನಾನೂ ಮಲ್ಲೇಶಿಯೂ ಒಟ್ಟಿಗೇ "ಬೇಡವ್ವ!" ಎಂದು ಕೂಗಿದೆವು.

ಹೀಗೆ ನಾನು ಯೋಚಿಸಿ, ನಾನೇ ಬೇಡವೆಂದಿದ್ದ ಆ ಇಡೀ ದಿನದ ಕಾಯುವಿಕೆಗೆ ಬೊಂಬಾಯಿಯಲ್ಲಿ ನಾನೇ ಬಂದು ಕೂತೆ. ತಂಪು ಗಾಳಿಯ ದೊಡ್ಡ ಹಾಲು, ಸಾಲು ಕುರ್ಚಿಗಳು. ಸುತ್ತ ಜನ ಬಾಯಿ ತೆರೆದು ಮಲಗಿದ್ದರು. ಮಲ್ಲೇಶಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಪೌಚಿನ ದಾರ ಮುಂಗೈಗೆ ಮೂರು ಸುತ್ತು ಸುತ್ತಿಕೊಂಡು, ಆ ಸುಟ್ಟ ಗೆರೆಗಳ ಮೇಲೆಯೇ. ಕಣ್ಣು ಕೆಂಪಗಾಗಿದ್ದವು.

"ನೀನು ಮಲಕ್ಕೊ ಅಕ್ಕ, ನಾನು ಎಚ್ಚರ ಇರ್ತೀನಿ," ಎಂದ.

"ನೀನೂ ಸ್ವಲ್ಪ ಕಣ್ಣು ಮುಚ್ಚೋ. ಇನ್ನೂ ಎಷ್ಟೊಂದು ಹೊತ್ತಿದೆ."

ಅವನು ನಕ್ಕ. "ಬೇಡಪ್ಪ. ನಿದ್ದೆಗಣ್ಣಲ್ಲಿ ಮತ್ತೆ ಯಾರಿಗಾದ್ರೂ ಹೂಂ ಅಂದ್ಬಿಟ್ರೆ?"

ಎದ್ದು ಓಡಿಹೋಗೋಣವೆಂದರೆ ನನಗೆ ಅಲ್ಲಿ ಬಾಗಿಲು ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಕುಕ್ಕಲು ಪಾತ್ರೆಗಳೂ ಇರಲಿಲ್ಲ. "ಮಲ್ಲೇಶಿ, ನೀನು ಅವತ್ತು" ಎಂದು ಶುರು ಮಾಡಿದೆ. ಅಷ್ಟರಲ್ಲಿ ಮೈಕಿನಲ್ಲಿ ಯಾವುದೋ ವಿಮಾನದ ಹೆಸರು ಕೂಗತೊಡಗಿದರು. ಅಭ್ಯಾಸಬಲದಿಂದ ಬಾಯಿ ಮುಚ್ಚಿದೆ. ಮೂರು ಭಾಷೆಯಲ್ಲಿ ಕೂಗಿದರು. ನಾಲ್ಕನೆಯದರಲ್ಲೂ ಕೂಗಬಾರದೇ ಎಂದು ದೇವರನ್ನು ಬೇಡಿಕೊಂಡೆ. ಮೈಕು ನಿಂತಿತು. ನಮ್ಮ ಬೀದಿಯವನಲ್ಲವೇ, ಮಲ್ಲೇಶಿಯೂ ಕಾದಿದ್ದ. "ಅವತ್ತು?" ಎಂದ.

"ಅವತ್ತು ನೀನು ಹೂಂ ಅನ್ಲೇ ಇಲ್ಲ ಕಣೋ. ನಾನು ಹೇಳಿದ್ರೆ ತಾನೇ ನೀನು ಅನ್ನೋದು? ನಿಂಗೆ ಹೇಳೇ ಇರ್ಲಿಲ್ಲ."

ಅವನು ಮುಂಗೈಯ ದಾರವನ್ನು ಒಂದು ಸುತ್ತು ಬಿಚ್ಚಿ, ಮತ್ತೆ ಸುತ್ತಿಕೊಂಡ. ಆಮೇಲೆ ಮೆಲ್ಲಗೆ, "ಎರಡು ಸಲ ಅಂದೆ ಅಂದ್ಯಲ್ಲಕ್ಕ," ಎಂದ.

"ಒಂದು ಸಲಾನೂ ಅನ್ಲಿಲ್ಲ. ನಾನೇ ಇಟ್ಟೆ, ನಾನೇ ಮರ್ತೆ, ನಿನ್ ಮೇಲೆ ಹಾಕ್ದೆ. ತಪ್ಪಾಯ್ತು ಕಣೋ ಮಲ್ಲೇಶಿ, ನನ್ನಿಂದ ದೊಡ್ಡ ತಪ್ಪಾಯ್ತು. ಆ ಪೌಚು ಇಲ್ಲಿ ಕೊಟ್ಟು ನೀನು ಮಲಗು, ನಾನು ಎಬ್ಬಿಸ್ತೀನಿ... ಬೇಡ, ಬೇಡ, ಪೌಚು ನಿನ್ನ ಹತ್ರಾನೇ ಇರ್ಲಿ. ನೀನು ಮಲಗು ಸಾಕು."